ಪಿಸಿಒಡಿ, ಥೈರಾಯ್ಡ್, ಶುಗರ್ ಇದ್ದಾಗ ಎದೆಹಾಲಿಗೆ ನಾನು ಮಾಡಿಕೊಂಡ ತಯಾರಿ

ನನಗೆ ಮದುವೆಗೆ ಮೊದಲಿಂದಲೂ ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು. ಆಮೇಲೆ ಥೈರಾಯ್ಡ್ ಸೇರಿಕೊಂಡಿತು, ಬಸುರಿಯಾದ ಮೇಲೆ ಶುಗರ್ ಕೂಡ ಬಂತು. ಹೆರಿಗೆ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು, ಹಾಲಿನ ಬಗ್ಗೆ ಯಾರೂ ಇಲ್ಲ. "ಮಗು ಹುಟ್ಟಿದ್ಮೇಲೆ ತಾನಾಗೇ ಬರುತ್ತೆ ಬಿಡೇ" ಅಂತ ಅಮ್ಮ. ಹೆಚ್ಚಿನವರಿಗೆ ಹಾಗೇ ಆಗುತ್ತದೆ, ನಿಜ. ಆದರೆ ಇಂಥ ತೊಂದರೆ ಇರುವವರು ಹೆರಿಗೆಗೆ ಮೊದಲೇ ಹಾಲಿನ ವಿಚಾರ ಕೇಳಿ ತಿಳಿದುಕೊಳ್ಳಲೇಬೇಕು.

ಸಾಮಾನ್ಯವಾಗಿ ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಹಾಲು ಇಳಿಯುತ್ತದೆ. ಹಾಲು ತಯಾರಾಗಲು ಇನ್ಸುಲಿನ್ ಕೂಡ ಕೆಲಸ ಮಾಡಬೇಕು, ಹಾಗಾಗಿ ಶುಗರ್ ಇದ್ದವರಿಗೆ ಅದು ತಡವಾಗಬಹುದು. ಪಿಸಿಒಡಿ ಇರುವ ಕೆಲವರಲ್ಲಿ ಹಾಲಿನ ಗ್ರಂಥಿ ಸರಿಯಾಗಿ ಬೆಳೆದಿರುವುದಿಲ್ಲ, ಇನ್ನು ಕೆಲವರಿಗೆ ಬೇಕಾದಷ್ಟು ಹಾಲು. ಬಸುರಿಯಲ್ಲಿ ಎದೆ ಸ್ವಲ್ಪವೂ ದೊಡ್ಡದಾಗದಿದ್ದರೆ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ನನ್ನದನ್ನು ಪರೀಕ್ಷೆ ಮಾಡಿ, ಗ್ರಂಥಿ ಇದೆ, ಆದರೆ ತಡವಾಗಬಹುದು ಅಂದರು. ಅಷ್ಟು ಗೊತ್ತಾಗಿದ್ದೇ ದೊಡ್ಡ ಧೈರ್ಯ.

ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನನಗೆ ಜಾಸ್ತಿ ನೆರವಾಗಿದ್ದು ಹೆರಿಗೆಗೆ ಮೊದಲೇ ಕೈಯಿಂದ ಹಾಲು ತೆಗೆದಿಟ್ಟಿದ್ದು. ಆಸ್ಟ್ರೇಲಿಯಾದಲ್ಲಿ ಇದರ ಮೇಲೆ ದೊಡ್ಡ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಗಿದೆ. ಶುಗರ್ ಬಿಟ್ಟು ಬೇರೆ ತೊಡಕಿಲ್ಲದ ಬಸುರಿಯರು 36ನೇ ವಾರದಿಂದ ದಿನಕ್ಕೆ ಎರಡು ಸಲ ಹೀಗೆ ತೆಗೆದರೆ ಮಗುವಿಗೆ ಹಾನಿಯಿಲ್ಲ ಅಂತ ಅದರಲ್ಲಿ ಕಂಡುಬಂತು. ಆದರೆ ಅವಧಿಗೆ ಮೊದಲೇ ನೋವು ಬರುವ ಭಯ ಇದ್ದವರಿಗೆ ಇದು ಬೇಡ, ಡಾಕ್ಟರನ್ನು ಕೇಳದೆ ಯಾರೂ ಶುರು ಮಾಡಬೇಡಿ. ಸ್ನಾನ ಆದ ಮೇಲೆ ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನಿಂದ ಸ್ವಲ್ಪ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಎರಡೂ ಬೆರಳು ಸೇರಿಸಿ ಮೆತ್ತಗೆ ಅದುಮುತ್ತಿದ್ದೆ, ಚರ್ಮ ಉಜ್ಜಬಾರದು. ಮೊದಮೊದಲು ಏನೂ ಇಲ್ಲ. ಆಮೇಲೆ ತುದಿಯಲ್ಲಿ ಜೇನಿನಂಥ ಹಳದಿ ಗಿಣ್ಣು ಹಾಲಿನ ಹನಿ ಕೂತುಕೊಂಡಿತು. ಅದನ್ನು ಒಂದು ಎಂಎಲ್ ಸಿರಿಂಜಿನಲ್ಲಿ ಎಳೆದು, ತಾರೀಖು ಬರೆದು, ಫ್ರೀಜರಿನಲ್ಲಿಟ್ಟೆ. ಕೆಲವರಿಗೆ ಹೆರಿಗೆಗೆ ಮೊದಲು ಒಂದು ಹನಿಯೂ ಬರುವುದಿಲ್ಲ, ಅದರಿಂದ ಮುಂದೆ ಹಾಲೇ ಇಲ್ಲ ಅಂತ ಅರ್ಥ ಅಲ್ಲ.

ತಾಯಿಗೆ ಶುಗರ್ ಇದ್ದರೆ ಹುಟ್ಟಿದ ಮಗುವಿನ ಶುಗರ್ ಇಳಿಯಬಹುದು, ಅದಕ್ಕೇ ಹಿಮ್ಮಡಿ ಚುಚ್ಚಿ ನೋಡುತ್ತಿರುತ್ತಾರೆ. ಆಗ ಮಗುವಿಗೆ ಕುಡಿಸಲು ಆ ಪುಟ್ಟ ಸಿರಿಂಜುಗಳಲ್ಲಿದ್ದ ಹಾಲು ನೆರವಿಗೆ ಬಂತು. ಸಿಸೇರಿಯನ್ ಆದರೂ ಮೊದಲ ಗಂಟೆಯಲ್ಲೇ ಮಗುವನ್ನು ಎದೆ ಮೇಲೆ ಮಲಗಿಸಿ ಅಂತ ಮೊದಲೇ ಹೇಳಿಟ್ಟಿದ್ದೆ, ಮಲಗಿಸಿದರು. ಜೇನುತುಪ್ಪ, ಸಕ್ಕರೆ ನೀರು ಬೇಡ ಅಂತ ಅತ್ತೆಗೂ ಅಮ್ಮಂಗೂ ಬಸುರಿಯಿದ್ದಾಗಲೇ ಹೇಳಿದ್ದೆ. ಬಾಣಂತಿಯಾಗಿ ಸುಸ್ತಾಗಿ ಮಲಗಿದಾಗ ವಾದ ಮಾಡೋಕೆ ಯಾರ ಕೈಲಾಗುತ್ತೆ?

ಅಂದುಕೊಂಡ ಹಾಗೆ ಹಾಲು ತಡವಾಗಿಯೇ ಇಳಿಯಿತು. ಮಗುವಿನ ತೂಕ ಜಾಸ್ತಿ ಇಳಿದಾಗ ಡಾಕ್ಟರ್ ಪುಡಿಹಾಲು ಸೇರಿಸಿ ಅಂದರು. ಅದನ್ನು ಬಾಟಲಿಯಲ್ಲಿ ಕೊಡಲಿಲ್ಲ. ಅಮ್ಮ ನನ್ನನ್ನು ಸಾಕಿದ ಬೆಳ್ಳಿ ಒಳಲೆಯನ್ನೇ ಕುದಿಸಿ ತಂದರು. ಮಗುವಿನ ತಲೆ ಎತ್ತಿ ಹಿಡಿದು, ಒಳಲೆಯ ಮೂತಿ ಕೆಳತುಟಿಗೆ ತಾಗಿಸಿ, ಅದು ನುಂಗುವವರೆಗೆ ಕಾದು, ಮತ್ತೆ ಒಂದು ಚೂರು. ಪ್ರತಿ ಸಲ ಮೊದಲು ಎದೆಗೆ ಹಾಕಿ, ಆಮೇಲೆ ಒಳಲೆ. ಅದು ಮುಗಿದ ಮೇಲೆ ನಾನು ಪಂಪಿನಿಂದ ಹಾಲು ತೆಗೆಯುತ್ತಿದ್ದೆ, ರಾತ್ರಿಯೂ ಸಹ.

ಹಾಲು ಸಾಕಾಗುತ್ತಿದೆಯೇ ಅನ್ನುವುದನ್ನು ಮಗುವಿನ ಅಳುವಿನಿಂದ ಅಳೆಯಬೇಡಿ. ಐದನೇ ದಿನದ ನಂತರ 24 ಗಂಟೆಯಲ್ಲಿ ಕನಿಷ್ಠ ಆರು ಸಲ ಚೆನ್ನಾಗಿ ಉಚ್ಚೆ ಮಾಡಬೇಕು, ಸುಮಾರು ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ನಾವು ಇದನ್ನೇ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ನೋಡುತ್ತಿದ್ದೆವು. ಬರಬರುತ್ತಾ ಪುಡಿಹಾಲು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ರಾತ್ರಿ ಒಂದು ಹೊತ್ತು ಉಳಿಯಿತು. ಮಗು ದುಂಡಗೆ ಬೆಳೆಯುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಬೆಲ್ಲ ಸುರಿದ ಅಂಟಿನುಂಡೆಗೆ ನನ್ನ ಶುಗರ್ ಒಪ್ಪುತ್ತಿರಲಿಲ್ಲ. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಬೇಳೆ ಹೊಟ್ಟೆ ತುಂಬ ಉಂಡೆ.

ಹೆರಿಗೆ ಆದಮೇಲೆ ಥೈರಾಯ್ಡ್ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಬದಲಾಗುತ್ತದೆ. ಸುಮಾರು ಆರು ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮತ್ತೆ ಮಾಡಿಸಿ, ಚೆನ್ನಾಗಿದ್ದ ಹಾಲು ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದಕ್ಕೂ ಮೊದಲೇ ಮಾಡಿಸಿ. ಥೈರಾಯ್ಡ್ ಮಾತ್ರೆ, ಇನ್ಸುಲಿನ್, ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ಹಾಲುಣಿಸುವಾಗಲೂ ತೆಗೆದುಕೊಳ್ಳಬಹುದು. ಮಗೂಗೆ ಹೋಗುತ್ತೆ ಅಂತ ಯಾರೋ ಹೇಳಿದರು ಅಂತ ನೀವಾಗಿ ನಿಲ್ಲಿಸಬೇಡಿ.