ಊರ ಕೆರೆ ಉಳಿಸಬೇಕಾ? ಜೆಸಿಬಿ ತರುವ ಮೊದಲು ಕಾಲುವೆ ಹಿಡಿದು ನಡೆಯಿರಿ

ಕೆರೆ ಅಂದ ಕೂಡಲೇ ಎಲ್ಲರಿಗೂ ಹೂಳೇ ನೆನಪಾಗುತ್ತದೆ. ನಾವೂ ಹಾಗೇ ಮಾಡಿದೆವು. ಚಂದಾ ಎತ್ತಿ, ಎರಡು ಜೆಸಿಬಿ ತಂದು, ಬೇಸಿಗೆಯಿಡೀ ಹೂಳು ತೆಗೆದೆವು. ಮಳೆ ಚೆನ್ನಾಗೇ ಬಂತು, ಕೆರೆಗೆ ಮಾತ್ರ ಮೊಣಕಾಲುದ್ದ ನೀರು. ಹುಡುಕಿಕೊಂಡು ಹೋದರೆ, ನೀರು ತರುವ ಕಾಲುವೆಗೆ ಯಾರೋ ಲೇಔಟಿನ ಮಣ್ಣು ಸುರಿದು ಮುಚ್ಚಿಬಿಟ್ಟಿದ್ದರು. ಹೊಟ್ಟೆ ಉರಿಯಿತು. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಜನರ ಜೊತೆ ತಾವೇ ಇಳಿದು ಸ್ವಚ್ಛ ಮಾಡಿಸಿದ್ದು ಹಿರೇಹಳ್ಳವನ್ನು, ಅಂದರೆ ನೀರು ಹರಿಯುವ ಹಳ್ಳವನ್ನೇ. ನೀರು ಹರಿದು ಬರುವ ದಾರಿಯೂ ಅಷ್ಟೇ ಮುಖ್ಯ ಅಲ್ವಾ?

ಹಾಗಾಗಿ ಮೊದಲು ಕಾಗದ. ಗ್ರಾಮ ನಕ್ಷೆ, ಕೆರೆಯ ಪಹಣಿ ತೆಗೆಸಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಕೇಳಿ, ಅವರ ಅನುಮತಿ ಪಡೆಯಿರಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದ್ದು.

ಆಮೇಲೆ ನಡೆಯಿರಿ. ಮಳೆ ಬಿದ್ದ ಮರುದಿನವೇ ಹೊರಡಿ, ನೀರು ತಾನೇ ದಾರಿ ತೋರಿಸುತ್ತದೆ. ಹಿಂದೆ ಕೆರೆಯ ನೀರು ಬಿಡುವ ಕೆಲಸ ಮಾಡುತ್ತಿದ್ದ ನೀರಗಂಟಿ ಮನೆತನದ ಹಿರಿಯರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಕಾಲುವೆ ಎಲ್ಲಿ ಕಟ್ಟಿಕೊಂಡಿದೆ, ಚರಂಡಿ ಎಲ್ಲಿ ಸೇರುತ್ತಿದೆ, ಕೋಳಿ ಅಂಗಡಿಯ ಪುಕ್ಕದ ಚೀಲ ಎಲ್ಲಿ ಬಿದ್ದಿದೆ, ಎಲ್ಲದರ ಫೋಟೊ ತೆಗೆದು ನಕ್ಷೆಯ ಮೇಲೆ ಗುರುತು ಹಾಕಿ. ಒತ್ತುವರಿ ಕಂಡರೆ ಸುಮ್ನೆ ಜಗಳಕ್ಕೆ ನಿಲ್ಲಬೇಡಿ, ಹದ್ದುಬಸ್ತು ಮಾಡಿಸಿ, ಅಂದರೆ ಅಳತೆ ಮಾಡಿಸಿ ಗಡಿ ಗುರುತಿಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ. ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ಬಗ್ಗೆ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ಜಗಪಾಲ್ ಸಿಂಗ್ ತೀರ್ಪನ್ನು ಅರ್ಜಿಯಲ್ಲಿ ಬರೆಯಿರಿ. ಊರಿನ ಸಾರ್ವಜನಿಕ ಜಾಗದ ಒತ್ತುವರಿ ತೆರವು ಮಾಡಿಸಬೇಕು ಅಂತ ಅದು ಎಲ್ಲ ರಾಜ್ಯಗಳಿಗೂ ಹೇಳಿದೆ.

ಹೂಳಿನ ಸರದಿ ಈಗ. ಫೆಬ್ರುವರಿ ಕಳೆದ ಮೇಲೆ ಶುರು ಮಾಡಿ. ಒಂದು ಎಕರೆಯಲ್ಲಿ ಒಂದು ಅಡಿ ತೆಗೆದರೂ 12 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಕೆಮ್ಮಣ್ಣಿನ ಹೊಲ ಇರುವ ರೈತರಿಗೆ ಹೇಳಿದರೆ ಹೂಳು ಒಯ್ಯಲು ಅವರೇ ಟ್ರ್ಯಾಕ್ಟರ್ ತರುತ್ತಾರೆ. ಆದರೆ ಕಲ್ಲುಮಿಶ್ರಿತ ಗರಸು ಮಣ್ಣು ಕಾಣುವಷ್ಟು ಆಳಕ್ಕೆ ತೋಡಬೇಡಿ, ತಳದ ಜೇಡಿ ಒಡೆದರೆ ನೀರು ಇಂಗಿಹೋಗುತ್ತದೆ, ನಿಲ್ಲುವುದಿಲ್ಲ. ಏರಿಯ, ಅಂದರೆ ನೀರು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆಯ, ಬುಡದ ಹತ್ತಿರವಂತೂ ಜೆಸಿಬಿ ಬಕೆಟ್ ಹಾಕಲೇ ಬೇಡಿ. ಅಂಚು ಇಳಿಜಾರಾಗಿರಲಿ. ದನಕ್ಕೆ ಇಳಿಯಲು, ಕೊಕ್ಕರೆಗೆ ನಿಲ್ಲಲು ಜಾಗ ಬೇಕು. ಸುತ್ತ ನೆಟ್ಟಗೆ ಕಲ್ಲುಗೋಡೆ ಕಟ್ಟುವುದು ನನಗಂತೂ ಒಂಚೂರೂ ಇಷ್ಟವಿಲ್ಲ.

ಏರಿಯ ಮೇಲೆ ಗಿಡ ನೆಡಬೇಡಿ. ಬೇರು ಕೊಳೆತರೆ ಅಲ್ಲೇ ಸೋರಿಕೆ. ಹುಲ್ಲು ಸಾಕು. ಹೊಂಗೆ, ನೇರಳೆ ಬೇಕಿದ್ದರೆ ಏರಿಯಿಂದ ದೂರ. ಜಾಸ್ತಿ ನೀರು ನಿಲ್ಲಲಿ ಅಂತ ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಮರಳಿನ ಚೀಲ ಇಡುವವರಿದ್ದಾರೆ, ಅದು ಬೇಡವೇ ಬೇಡ. ಏರಿ ಒಡೆಯುವುದೇ ಹಾಗೆ.

ಮೊದಲ ದೊಡ್ಡ ಮಳೆಯ ರಾತ್ರಿ ಇಬ್ಬರು ಟಾರ್ಚ್ ಹಿಡಿದು ಏರಿಯ ಹೊರಮಗ್ಗುಲು ನೋಡಿಕೊಂಡು ಬನ್ನಿ. ತಿಳಿನೀರು ಸ್ವಲ್ಪ ಜಿನುಗುತ್ತಿದ್ದರೆ ಗುರುತು ಹಾಕಿ, ಬೆಳಿಗ್ಗೆ ಇಂಜಿನಿಯರಿಗೆ ತೋರಿಸಿ. ಮಣ್ಣು ಕಲಸಿದ ನೀರು ಬರುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಫೋನ್ ಮಾಡಿ, ಏರಿಯ ಕೆಳಗಿನ ಮನೆಯವರನ್ನು ಎಬ್ಬಿಸಿ.