ವಿಕಿರಣದ ಕೇಸ್ ಶೀಟಿಗೆ ನಾನು ಕೋಡ್ ಹಾಕುವ ಬಗೆ

ಕಲಬುರಗಿಯ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ಡಿಸ್ಚಾರ್ಜ್ ಆದವರ ಕೇಸ್ ಶೀಟ್ ಓದಿ ಐಸಿಡಿ-10ರ, ಅಂದರೆ ಕಾಯಿಲೆಗಳಿಗೂ ಅವುಗಳ ಕಾರಣಗಳಿಗೂ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯ, ಪ್ರಕಾರ ಕೋಡ್ ಹಾಕುತ್ತೇನೆ. ಶೀಟಿನಲ್ಲಿ ವಿಕಿರಣ ಎಂದು ಕಂಡರೆ ಹೊಸಬರ ಕೈ ಸೀದಾ ಡಬ್ಲ್ಯೂ88ಕ್ಕೆ ಹೋಗುತ್ತದೆ. ಅದು ಅಪಘಾತಗಳ ಪೈಕಿಯ ಕೋಡ್. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಇದ್ದ ಯಂತ್ರ ಬಿಚ್ಚಿ ಕಾರ್ಮಿಕರು ವಿಕಿರಣಕ್ಕೆ ಸಿಕ್ಕರಲ್ಲ, ಅಂಥದ್ದಕ್ಕೆ ಅದು ಸರಿ. ಆಗಲೂ ಒಂಟಿಯಾಗಿ ಹಾಕುವಂತಿಲ್ಲ. ದೇಹಕ್ಕೆ ಏನಾಯಿತೆಂಬ ಕೋಡ್ ಮೊದಲು, ಯಾವುದರಿಂದ ಆಯಿತೆಂಬುದು ಆಮೇಲೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸೋಲಾಪುರ, ಹೈದರಾಬಾದ್ ಕಡೆಗೂ ಹೋಗಿ ಕ್ಯಾನ್ಸರಿಗೆ ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ತೆಗೆದುಕೊಂಡವರು. "ಕರೆಂಟ್ ಕೊಟ್ಟಾರ್ರಿ, ಚರ್ಮ ಸುಟ್ಟದರಿ" ಅನ್ನುತ್ತಾರೆ; ಅವರ ಮಾತಿನಲ್ಲಿ ಕರೆಂಟ್ ಎಂದರೆ ವಿಕಿರಣ. ಅಡ್ಮಿಷನ್ ಚೀಟಿಯಲ್ಲಿ ಅದೇ ಮಾತು ಇಳಿದರೆ ವಿದ್ಯುತ್ ಅವಘಡದ ಕೋಡ್ ಬೀಳುವ ಅಪಾಯವಿದೆ. ಸುಟ್ಟಗಾಯಗಳ ಟಿ20–ಟಿ32 ಕೂಡ ಇದಕ್ಕಲ್ಲ. ವಿಕಿರಣದಿಂದಾಗುವ ಚರ್ಮದ ತೊಂದರೆಗಳನ್ನು ಅಲ್ಲಿಂದ ಹೊರಗಿಟ್ಟಿದ್ದಾರೆ. ವೈದ್ಯರು ಅಕ್ಯೂಟ್ ರೇಡಿಯೋಡರ್ಮಟೈಟಿಸ್ (ವಿಕಿರಣದಿಂದ ಚರ್ಮಕ್ಕೆ ಆದ ತೀವ್ರ ಉರಿಯೂತ) ಎಂದು ಬರೆದಿದ್ದರೆ ಎಲ್58.0, ಕ್ರಾನಿಕ್ (ದೀರ್ಘಕಾಲದ್ದು) ಎಂದಿದ್ದರೆ ಎಲ್58.1. ಜತೆಗೆ ವೈ84.2 ಹಾಕುತ್ತೇನೆ, ಅಂದರೆ ಚಿಕಿತ್ಸೆಯಲ್ಲಿ ಎಡವಟ್ಟೇನೂ ನಡೆಯದೆಯೂ ಆದ ಪರಿಣಾಮ. ಡೋಸ್ ಮಿತಿಮೀರಿತೆಂದು ವೈದ್ಯರೇ ದಾಖಲಿಸಿದ್ದರೆ ಮಾತ್ರ ವೈ63.2. ಆ ಕೋಡ್ ಚಿಕಿತ್ಸೆ ಕೊಟ್ಟವರ ಮೇಲೆ ತಪ್ಪು ಹೊರಿಸುತ್ತದೆ, ಊಹೆ ಮಾಡಿ ಹಾಕುವಂಥದ್ದಲ್ಲ.

ನನಗೆ ಹೆಚ್ಚು ಹೊತ್ತು ಹಿಡಿಯುವುದು ತಡವಾಗಿ ಕಾಣಿಸಿಕೊಳ್ಳುವ ತೊಂದರೆಗಳು. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಪಡೆದ ಹೆಣ್ಣುಮಕ್ಕಳು ಕೆಲವು ವರ್ಷ ಕಳೆದು ಮಲದಲ್ಲಿ ರಕ್ತ ಬರುತ್ತದೆಂದು ಬರುತ್ತಾರೆ. ಹಳೆಯ ಚಿಕಿತ್ಸೆಗೂ ಇದಕ್ಕೂ ನಂಟಿರಬಹುದೆಂದು ಅವರಿಗೆ ಹೊಳೆದಿರುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ. ಶೀಟಿನಲ್ಲಿ ರಕ್ತಸ್ರಾವ ಎಂದಷ್ಟೇ ಇರುತ್ತದೆ. ನಾನು ಹಳೆಯ ಫೈಲು ತೆಗೆಸಿ ರೇಡಿಯೋಥೆರಪಿ ಕಾರ್ಡ್ ಹುಡುಕುತ್ತೇನೆ, ಸಿಕ್ಕರೆ ಅದನ್ನಿಟ್ಟು ವೈದ್ಯರಿಗೆ ಚೀಟಿ ಬರೆಯುತ್ತೇನೆ. ಅವರು ರೇಡಿಯೇಷನ್ ಪ್ರೊಕ್ಟೈಟಿಸ್ (ವಿಕಿರಣದಿಂದಾದ ಗುದನಾಳದ ಉರಿಯೂತ) ಎಂದು ಬರೆದು ಸಹಿ ಮಾಡಿದರೆ ಕೆ62.7, ವಿಕಿರಣದಿಂದಲೇ ಆದ ಮೂತ್ರಕೋಶದ ಉರಿಯೂತವಾದರೆ ಎನ್30.4, ಎರಡಕ್ಕೂ ವೈ84.2 ಜೊತೆಗೆ. ನಂಟಿಲ್ಲ ಎಂದರೆ ಹಿಂದೆ ವಿಕಿರಣ ಪಡೆದಿದ್ದಾರೆಂಬ ಜಡ್92.3 ಮಾತ್ರ. ಕೇಳದೆ ಬಿಟ್ಟರೆ ಆ ಹೆಂಗಸು ಮುಂದಿನ ಸಲ ಬಂದಾಗ ಮತ್ತೆ ಮೊದಲಿನಿಂದ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.

ಎಕ್ಸ್‌ರೇ ಟೆಕ್ನಿಷಿಯನ್ನರ ಟಿಎಲ್‌ಡಿ ಬ್ಯಾಡ್ಜಿನ (ಮೈಮೇಲೆ ಬಿದ್ದ ವಿಕಿರಣ ಅಳೆಯಲು ಧರಿಸುವ ಬ್ಯಾಡ್ಜ್) ರೀಡಿಂಗ್ ಹೆಚ್ಚು ಬಂದು ತಪಾಸಣೆಗೆ ಕಳಿಸಿದ್ದರೆ, ಮೈಯಲ್ಲಿ ತೊಂದರೆಯೇನೂ ಇಲ್ಲದಿದ್ದರೆ, ಕೆಲಸದಲ್ಲಿ ವಿಕಿರಣಕ್ಕೆ ಒಡ್ಡಿಕೊಂಡಿದ್ದಾರೆಂಬ ಜಡ್57.1 ಸಾಕು. ಅವರಿಗೆ ವರ್ಷವೊಂದರ ಗರಿಷ್ಠ ಮಿತಿ 30 ಮಿಲಿಸೀವರ್ಟ್ (ದೇಹಕ್ಕೆ ತಗುಲಿದ ವಿಕಿರಣದ ಅಳತೆ). ಮಿತಿ ದಾಟಿತೆಂಬ ಒಂದೇ ಕಾರಣಕ್ಕೆ ವಿಕಿರಣದಿಂದ ಕಾಯಿಲೆಯಾಗಿದೆ ಎನ್ನುವ ಟಿ66 ಹಾಕಿದರೆ ಇಲ್ಲದ ಕಾಯಿಲೆ ಅಂಟಿಸಿದಂತಾಗುತ್ತದೆ.

ಯಾದಗಿರಿಯ ಶಹಾಪುರ ಕಡೆಯವರು ಗೋಗಿಯ ಯುರೇನಿಯಂ ನಿಕ್ಷೇಪದ ಮಾತು ತೆಗೆದು, "ನಮ್ಮ ಜಡ್ಡು ಅದರದ್ದೇ ಅಂತ ಬರೀರಿ" ಅನ್ನುವುದುಂಟು. ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಊರು, ಕಸುಬು, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನೆಲ್ಲ ಪೂರ್ತಿ ತುಂಬಿಸುತ್ತೇನೆ. ಮುಂದೆ ಯಾರಾದರೂ ಅಧ್ಯಯನಕ್ಕೆ ಕೂತರೆ ಆ ವಿವರವೇ ಬೇಕಾಗುವುದು. ಕಾರಣದ ಕೋಡನ್ನು ಮಾತ್ರ ವೈದ್ಯರು ಬರೆಯುವ ತನಕ ಹಾಕುವುದಿಲ್ಲ.