ಈ ಮಳೆ ಯಾವ ಕಡಲಿನದು? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರು ಗುರುತಿಸುವ ಬಗೆ

ಮಲೆನಾಡಿನ ಹೊಳೆಗಳು ಉಕ್ಕಿ ಹರಿಯುತ್ತಿರುವ ಜುಲೈ ತಿಂಗಳಿನಲ್ಲಿ ಪಾವಗಡ, ಗೌರಿಬಿದನೂರು, ಮುಳಬಾಗಿಲು ಕಡೆಯ ರೈತರು ಬಿತ್ತನೆಗೆ ಹದ ಸಾಲದೆ ಮುಗಿಲು ನೋಡುತ್ತಿರುತ್ತಾರೆ. ಅಲ್ಲಿ ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಇದೇ ಹೊಲಗಳ ಬದು ಒಡೆಯುವಷ್ಟು ಸುರಿಯುತ್ತದೆ. ಎರಡು ಮಳೆಗಳಿಗೂ ತೇವಾಂಶ ಬರುವ ದಾರಿ ಬೇರೆ ಬೇರೆಯಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಆ ದಾರಿಯನ್ನು ಗುರುತಿಸಲು ಮನೆಯಂಗಳದ ಆಕಾಶವೂ ಗಾಳಿಯ ನಕ್ಷೆ ತೋರಿಸುವ ಒಂದು ಮೊಬೈಲ್ ಆ್ಯಪ್ ಕೂಡ ಸಾಕು.

ಮೊದಲು ನೀರಿನ ಪ್ರಮಾಣವನ್ನು ಅಂದಾಜು ಮಾಡಬೇಕು. ಒಂದು ಎಕರೆಯ ಮೇಲೆ ಬಿದ್ದ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು, 100 ಮಿ.ಮೀ. ಬಿದ್ದರೆ ಅದು 4 ಲಕ್ಷ ಲೀಟರ್. ಮಳೆಗಾಲದ ತೇವಭರಿತ ದಿನದಲ್ಲಿಯೂ ನಮ್ಮ ನೆತ್ತಿಯ ಮೇಲಿನ ಗಾಳಿಯಲ್ಲಿರುವ ಎಲ್ಲ ಆವಿಯನ್ನು ಹಿಂಡಿ ಇಳಿಸಿದರೆ ಸಿಗುವುದು 50 ಮಿ.ಮೀ. ಆಸುಪಾಸಿನ ನೀರು ಮಾತ್ರ. ಆದ್ದರಿಂದ ಒಂದೇ ರಾತ್ರಿಯಲ್ಲಿ 100 ಮಿ.ಮೀ. ಸುರಿದಿದ್ದರೆ, ಮಳೆ ಬೀಳುತ್ತಿರುವಾಗಲೇ ಹೊರಗಿನಿಂದ ಹೊಸ ಆವಿ ನಿರಂತರವಾಗಿ ಹರಿದು ಬಂದಿರಲೇಬೇಕು. ಕಡಲಿನಿಂದ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ ಎಂದಿಟ್ಟುಕೊಂಡರೆ, ಒಂದು ತಾಲ್ಲೂಕಿನ ಅಂಥ ಮಳೆಗೆ ಅದರ 20 ಪಟ್ಟು ವಿಸ್ತೀರ್ಣದ ಕಡಲಿನ ಒಂದು ದಿನದ ಆವಿ ಬೇಕು. ಊರಿನ ಕೆರೆ ತುಂಬಿದ್ದರಿಂದಲೇ ದೊಡ್ಡ ಮಳೆ ಬಂದಿತೆಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಅನಂತರ ನಕ್ಷೆಯನ್ನು ತೆರೆದು, ಗಾಳಿಯ ಮಟ್ಟವನ್ನು 850 ಹೆಕ್ಟೋಪಾಸ್ಕಲ್‌ಗೆ (hPa, ಗಾಳಿಯ ಒತ್ತಡದ ಅಳತೆ) ಇಟ್ಟುಕೊಳ್ಳಬೇಕು. ಒತ್ತಡ ಇಷ್ಟಿರುವ ಮಟ್ಟ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಕೋಲಾರದ ನೆಲವೇ 800 ಮೀಟರ್‌ಗಿಂತ ಎತ್ತರವಿರುವುದರಿಂದ, ನಮಗೆ ಇದು ಬಹಳ ಮೇಲಿನ ಗಾಳಿಯೇನಲ್ಲ. ತೇವಾಂಶದ ಹೆಚ್ಚಿನ ಪಾಲು ಸಾಗುವುದು ಇಂಥ ಕೆಳಹಂತದ ಗಾಳಿಯಲ್ಲಿಯೇ. ನಮ್ಮ ಜಿಲ್ಲೆಯ ಮೇಲೆ ಬೆರಳಿಟ್ಟು, ಗಾಳಿ ಬಂದ ದಿಕ್ಕಿಗೆ ಹಿಂದಕ್ಕೆ ಹೋಗುತ್ತಾ ಗೆರೆ ಎಲ್ಲಿಂದ ಹೊರಟಿದೆ ಎಂಬುದನ್ನು ನೋಡಬೇಕು.

ಜೂನ್, ಜುಲೈನಲ್ಲಿ ಆ ಗೆರೆ ಅರಬ್ಬಿ ಸಮುದ್ರವನ್ನು ದಾಟಿ ಸೊಮಾಲಿಯಾದ ಕರಾವಳಿಗೆ, ಅಲ್ಲಿಂದ ಸಮಭಾಜಕ ವೃತ್ತದಾಚೆ ಮಡಗಾಸ್ಕರ್ ಮತ್ತು ಮಾರಿಷಸ್‌ನ ಕಡೆಗೆ ಹೋಗುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಅಧಿಕ ಒತ್ತಡದ ಪ್ರದೇಶದಿಂದ ಹೊರಟ ಗಾಳಿ ದಾರಿಯುದ್ದಕ್ಕೂ ಆವಿಯನ್ನು ಕೂಡಿಸಿಕೊಳ್ಳುತ್ತಾ ಬರುತ್ತದೆ; ಮುಂಗಾರಿನ ನೀರೆಲ್ಲ ಅರಬ್ಬಿ ಸಮುದ್ರದ್ದೇ ಎನ್ನುವುದು ಅರ್ಧ ಮಾತ್ರ ಸರಿ. ಆ ಗಾಳಿ ಪಶ್ಚಿಮ ಘಟ್ಟವನ್ನೇರುವಾಗ ತಣ್ಣಗಾಗಿ ತನ್ನ ಹೊರೆಯ ದೊಡ್ಡ ಪಾಲನ್ನು ಅಲ್ಲಿಯೇ ಇಳಿಸುತ್ತದೆ ಮತ್ತು ಘಟ್ಟ ದಾಟಿ ಕೆಳಗಿಳಿಯುವಾಗ ಬೆಚ್ಚಗಾಗುವುದರಿಂದ ಮೋಡ ಕಟ್ಟುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ಕೋಲಾರಕ್ಕೆ ಸಿಗುವುದು ಅದರ ಹತ್ತರಲ್ಲೊಂದು ಪಾಲಿನಷ್ಟು. ಪಡುವಣ ಗಾಳಿ ಬಿರುಸಾಗಿ ಬೀಸುತ್ತಿರುವ ದಿನಗಳಲ್ಲಿ ನಮಗೆ ತುಂತುರಿಗಿಂತ ಹೆಚ್ಚನ್ನು ನಿರೀಕ್ಷಿಸಬಾರದು.

ಬರಿಗಣ್ಣಿನಿಂದ ನೋಡುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಜುಲೈನ ಆಕಾಶದಲ್ಲಿ ತೆಳುವಾದ ಎತ್ತರದ ಮೋಡಗಳು ಮೂಡಣದಿಂದ ಪಡುವಣಕ್ಕೆ ಸಾಗುತ್ತಿದ್ದರೆ, ಅವುಗಳ ಕೆಳಗಿನ ಬೂದುಮೋಡಗಳು ಅದಕ್ಕೆ ತದ್ವಿರುದ್ಧವಾಗಿ ಮೂಡಣಕ್ಕೆ ಓಡುತ್ತಿರುತ್ತವೆ. ಬಹಳ ಎತ್ತರದಲ್ಲಿ ಬೀಸುವ ಪೂರ್ವದ ವೇಗದ ಗಾಳಿ ಮೇಲಿನವನ್ನು ತಳ್ಳುತ್ತದೆ. ಅದರಲ್ಲಿ ತೇವಾಂಶ ಅತ್ಯಲ್ಪ. ತೆಂಗಿನ ಗರಿಯ ತುದಿಯನ್ನೋ ವಿದ್ಯುತ್ ಕಂಬವನ್ನೋ ಗುರುತಾಗಿಟ್ಟುಕೊಂಡು ಕೆಳಗಿನ ಮೋಡಗಳ ಚಲನೆಯನ್ನೇ ನೋಡಬೇಕು. ಗುಡುಗುಮಳೆಗೆ ಮುನ್ನ ಬೀಸುವ ತಂಗಾಳಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಅದು ಸಮೀಪದ ಮಳೆಮೋಡದಿಂದಲೇ ಇಳಿದು ಬಂದ ಗಾಳಿ.

ಸೆಪ್ಟೆಂಬರ್‌ನ ಮಳೆಯನ್ನು ಗುರುತಿಸುವುದು ಹೆಚ್ಚು ಕಷ್ಟ. ಪಡುವಣ ಗಾಳಿ ಸೊರಗಿ, ಬೆಳಗಿನ ಬಿಸಿಲಿಗೆ ನೆಲ ಕಾದು, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಸುರಿಯುವ ಈ ಮಳೆಗೆ ಎರಡೂ ಕಡಲುಗಳ ಆವಿ ಬೆರೆತಿರುತ್ತದೆ. ನೆನೆದ ಮಣ್ಣು, ಕಾಡು ಮತ್ತು ಬೆಳೆದು ನಿಂತ ಪೈರು ಹೊರಬಿಡುವ ಆವಿಯೂ ಇದಕ್ಕೆ ಸೇರುತ್ತದೆ. ಜೂನ್‌ಗೆ ಹೋಲಿಸಿದರೆ ಈ ಪಾಲು ಆಗ ಹೆಚ್ಚು. ಇಂಥ ಮಳೆಗೆ ಒಂದೇ ಮೂಲವನ್ನು ಹೆಸರಿಸಲು ಹೊರಡದಿರುವುದೇ ಸರಿ.

ಅಕ್ಟೋಬರ್ ಕೊನೆಯಿಂದ ಗಾಳಿಯ ಗೆರೆ ತಿರುಗಿ, ಚೆನ್ನೈ ಮತ್ತು ನೆಲ್ಲೂರಿನ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕೋಲಾರದಿಂದ ಮೂಡಣ ಕಡಲು ನೇರವಾಗಿ ಸುಮಾರು 230 ಕಿ.ಮೀ. ಇದ್ದರೆ ಪಡುವಣ ಕಡಲು ಸುಮಾರು 360 ಕಿ.ಮೀ. ದೂರವಿದೆ. ತುಮಕೂರಿಗಾದರೆ ಪಡುವಣ ಕಡಲೇ ಹತ್ತಿರ, ಆದರೆ ನಡುವೆ ಎತ್ತರದ ಘಟ್ಟವಿದೆ. ಪೂರ್ವಘಟ್ಟ ಅಲ್ಲಲ್ಲಿ ತುಂಡುತುಂಡಾಗಿ, ತಗ್ಗಾಗಿ ಇರುವುದರಿಂದ ಮೂಡಣದ ಆವಿಗೆ ಅಂಥ ಅಡ್ಡಿಯಿಲ್ಲ. ಕರಾವಳಿಯಿಂದ ನಮ್ಮ ಪ್ರಸ್ಥಭೂಮಿಗೆ ಏರಿ ಬರುವಾಗ ಅದು ತಣ್ಣಗಾಗಿ ಮಳೆಯಾಗುತ್ತದೆ. ವಾಯುಭಾರ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಕುಸಿತದ ಕೇಂದ್ರ ಉತ್ತರ ತಮಿಳುನಾಡಿನ ಕರಾವಳಿಯಲ್ಲಿದ್ದರೆ ಅದರ ಉತ್ತರ ಭಾಗದ ಗಾಳಿ ಕಡಲಿನ ಆವಿಯನ್ನು ನೇರವಾಗಿ ನಮ್ಮತ್ತ ತಳ್ಳುತ್ತದೆ. 2021ರ ನವೆಂಬರ್ 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ ಕರಾವಳಿ ದಾಟಿದ ವಾಯುಭಾರ ಕುಸಿತ ಇಂಥದ್ದೇ ಆಗಿತ್ತು. ಆ ತಿಂಗಳ ಜಡಿಮಳೆಗೆ ಕೋಲಾರ ಮತ್ತು ಚಿಕ್ಕಬಳ್ಳಾಪುರದ ಅನೇಕ ಕೆರೆಗಳು ಕೋಡಿ ಬಿದ್ದವು, ಕಟಾವಿಗೆ ಬಂದಿದ್ದ ರಾಗಿ ತೆನೆಯಲ್ಲಿಯೇ ಮೊಳೆಯಿತು.

ಆದ್ದರಿಂದ ನವೆಂಬರ್‌ನಲ್ಲಿ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ನೈಋತ್ಯ ಬಂಗಾಳ ಕೊಲ್ಲಿಯ ಹೆಸರು ಕಂಡೊಡನೆ 850ರ ನಕ್ಷೆಯನ್ನು ನೋಡಬೇಕು. ಗಾಳಿಯ ಗೆರೆಗಳು ಕಡಲಿನಿಂದ ಚಿತ್ತೂರಿನ ಮೇಲೆ ಹಾದು ನಮ್ಮ ಕಡೆಗೆ ತಿರುಗಿದ್ದರೆ, ಬಲಿತ ರಾಗಿಯನ್ನು ಕೊಯ್ಯುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಬೇಕು. ಕೊಯ್ದು ಬಿಟ್ಟ ಅರಿ ಒಣಗಿದ್ದರೆ ಅಂದೇ ಮೆದೆ ಒಟ್ಟಿ ಟಾರ್ಪಾಲು ಹೊದಿಸಬೇಕು.